ಕೇಣಿ ಕಪಾಟು

ನಮ್ಮ ಮಾವ ಬಲಗೈ ಗೇಣು ಚಾಚಿದರೆ ಊಟದ ತಟ್ಟೆಯನ್ನು ಅಂಚಿನಿಂದ ಅಂಚಿಗೆ ಮುಟ್ಟುತ್ತಿತ್ತು. ಉಗುರಿನ ಸಂದಿಯಲ್ಲಿ ಪಾಲಿಶಿನ ಕಂದು ಬಣ್ಣ; ಎಷ್ಟು ಸೋಪು ಹಾಕಿದರೂ ಹೋದದ್ದಿಲ್ಲ.

ಅವರು ನನ್ನ ಗಂಡನ ತಂದೆ. ಅವರ ಅಪ್ಪ ಬಾಳೆಗುಳಿಯ ಹತ್ತಿರ ಚಪ್ಪರದ ಕೆಳಗೆ ಮಣೆ, ಸ್ಟೂಲು ಮಾಡಿ ಮಾರುತ್ತಿದ್ದರು. ಮಾವ ಅದನ್ನು ಅಂಕೋಲೆ ಪೇಟೆಗೆ ತಂದು ಅಂಗಡಿ ಮಾಡಿದರು. ಹೊಸ ಕುರ್ಚಿ ಬಂದರೆ ಅದರಲ್ಲಿ ತಾವೇ ಕೂತು ಒಂದು ಚಹಾ ಕುಡಿಯಬೇಕು. ಚಹಾ ಮುಗಿಯುವುದರೊಳಗೆ ಕುರ್ಚಿ ಕಿರ್ ಎಂದರೆ ವಾಪಸ್ ಬಡಗಿಯ ಹತ್ತಿರ. ಟೇಪು ಹಿಡಿದವರೇ ಅಲ್ಲ. ಕೇಳಿದರೆ, "ಟೇಪು ಮನೇಲಿ ಮರ್ತೋಗ್ತದೆ. ಕೈ ಮರ್ತೋಗ್ತದ್ಯಾ?" ಎನ್ನುತ್ತಿದ್ದರು.

ನಾನು ಸೊಸೆಯಾಗಿ ಬಂದ ವರ್ಷವೇ, "ಮನೇಲಿ ಕೂತ್ಕಂಡು ಎಂತಾ ಮಾಡ್ತೆ? ಅಂಗಡಿಗೆ ಬಾ" ಎಂದರು. ನೆಂಟರಿಗೆ ಇದು ಹಿಡಿಸಲಿಲ್ಲ. ನಾನು ಎಲ್ಲಿ ಎಡವುತ್ತೇನೆ ಎಂದು ಕಾಯುವವರೂ ಇದ್ದರು. ಎಡವಿದೆ.

ಮೀನು ಮಾರಿ ಮಕ್ಕಳನ್ನು ಬೆಳೆಸಿದ ಕೇಣಿಯ ತಾಯಿಯೊಬ್ಬಳು ಮಗಳ ಮದುವೆಗೆ ಸಾಗವಾನಿ ಕಪಾಟು ಮಾಡಲು ಹೇಳಿದ್ದಳು. ಕಪಾಟು ಹೋಗಬೇಕಾದದ್ದು ಅದೇ ಊರಿನ ಗಂಡಿನ ಮನೆಗೆ. ಮಾವನಿಗೆ ಜ್ವರ, ಅಳತೆಗೆ ನಾನೇ ಹೋದೆ. ಹಂಚಿನ ಮನೆ, ಮಾಡು ತಗ್ಗು. ಸ್ಟೂಲು ಹತ್ತಿ ಮಾವನ ಹಾಗೆಯೇ ಗೇಣು ಹಾಕುತ್ತ ಹೋದೆ. ತೊಲೆಯವರೆಗೆ ಹತ್ತು ಗೇಣು. "ಕಪಾಟು ಒಂಬತ್ತು ಗೇಣು ಇರ್ಲಿ" ಎಂದು ಬಂದು ಹೇಳಿದೆ. ಮಾವ ಬಡಗಿಗೆ ಒಂಬತ್ತು ಗೇಣು ತೋರಿಸಿದರು. ತಮ್ಮ ಗೇಣು.

ಮದುವೆಯ ಹಿಂದಿನ ದಿನ, ಮಲಗಿಸಿ ಒಳಗೆ ಒಯ್ದ ಕಪಾಟು ಎದ್ದು ನಿಲ್ಲಲೇ ಇಲ್ಲ. ಎಬ್ಬಿಸಿದಷ್ಟೂ ತೊಲೆಗೆ ಬಡಿಯುತ್ತಿತ್ತು. ಗಂಡಿನ ಸೋದರತ್ತೆ ಬಾಗಿಲಲ್ಲಿ ನಿಂತು, "ಕಪಾಟು ತಂದದ್ದಾ, ದೋಣಿ ತಂದದ್ದಾ?" ಎಂದಳು. ಎಲ್ಲರೂ ನಕ್ಕರು, ಹುಡುಗಿಯ ತಾಯಿ ಮಾತ್ರ ತಲೆ ತಗ್ಗಿಸಿದಳು. ಮಾವ ಬಡಗಿಯ ಕಡೆ ಕಣ್ಣು ಕೆಕ್ಕರಿಸಿದರು. ಸುಮ್ಮನಿದ್ದರೆ ಬೈಗುಳ ಆ ಬಡವನ ಪಾಲಾಗುತ್ತಿತ್ತು. ಇನ್ನು ನನಗೆ ಅಂಗಡಿಯ ಋಣ ಮುಗಿಯಿತು ಎಂದುಕೊಂಡೇ ಬಾಯಿ ಬಿಟ್ಟೆ.

"ಅವ್ರದ್ದು ತಪ್ಪಿಲ್ಲ ಮಾವ. ಅಳ್ದದ್ದು ನಾನು. ನನ್ನ ಗೇಣಲ್ಲಿ ಅಳ್ದೆ, ನಿಮ್ಗೆ ಹೇಳ್ಲಿಲ್ಲ."

ಮಾವ ನನ್ನ ಕೈ ನೋಡಿದರು, ತಮ್ಮ ಕೈ ನೋಡಿದರು. "ಯಾರ ಗೇಣು ಅಂತ ನಾನಾದ್ರೂ ಕೇಳ್ಬೇಕಿತ್ತು" ಎಂದು ಆ ತಾಯಿಯತ್ತ ತಿರುಗಿದರು. "ತಪ್ಪು ನಮ್ದು ತಂಗಿ. ಕತ್ತಲಾಗೂದ್ರೊಳಗೆ ಕಪಾಟು ನಿಲ್ಸೇ ಹೋಗೂದು."

ಅಂಗಳದಲ್ಲೇ ಗರಗಸ ಹಿಡಿದರು. ಕಪಾಟಿನ ಮೇಲಿನ ಎರಡು ಗೇಣು ಕೊಯ್ದು, ಅದಕ್ಕೆ ತಳ, ಮುಚ್ಚಳ ಹಾಕಿ ಪೆಟ್ಟಿಗೆ ಮಾಡಿದರು. ಕಪಾಟು ಎದ್ದು ನಿಂತಿತು. ಪೆಟ್ಟಿಗೆ ಪಕ್ಕದಲ್ಲಿ ಕೂತಿತು. ಅದರ ಮೇಲೆ ಮೊದಲು ಕೂತವಳು ಆ ಸೋದರತ್ತೆಯೇ. ಆಮೇಲೆ ಏಳುವ ಲಕ್ಷಣವೇ ಇರಲಿಲ್ಲ.

ಮದುವೆಗೆ ಬಂದವರು ನೋಡಿಕೊಂಡು ಹೋಗಿ, "ಕೇಣಿ ಕಪಾಟು ಅದ್ಯಾ?" ಎಂದು ಕೇಳುತ್ತ ಅಂಗಡಿಗೆ ಬರತೊಡಗಿದರು. ತಗ್ಗು ಮಾಡಿನ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು: ಕಪಾಟಿಗೆ ಕಪಾಟು, ಕೂರಲು ಪೆಟ್ಟಿಗೆ. ಕಾರವಾರದಲ್ಲಿ ನಾವು ಎರಡನೇ ಅಂಗಡಿ ತೆರೆದದ್ದು ಅದರ ಬಲದಲ್ಲೇ.

ಆ ಅಂಗಡಿಯ ಪೂಜೆಯ ದಿನ ಯಜಮಾನನ ಕುರ್ಚಿಯಲ್ಲಿ ಯಾರು ಕೂರುವುದು ಎಂಬ ಮಾತು ಬಂತು. ನೆಂಟರು ಗಂಡುಮಕ್ಕಳ ಹೆಸರು ಹೇಳುತ್ತಿದ್ದರು. ಮಾವ ನನ್ನನ್ನು ಕರೆದು ಕೂರಿಸಿದರು. "ಹತ್ತು ಜನ್ರ ಎದ್ರು ತನ್ನ ತಪ್ಪು ಹೇಳ್ಕಂಡವ್ಳು. ಗಿರಾಕಿಗೆ ಸುಳ್ಳು ಹೇಳೂದಿಲ್ಲ ಇವ್ಳು" ಎಂದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗಲೂ ಬೈತಖೋಲದಿಂದಲೋ ಇನ್ನೆಲ್ಲಿಂದಲೋ ಬಂದ ಹೊಸ ಗಿರಾಕಿ ನನ್ನನ್ನು ದಾಟಿ ಒಳಗೆ ಇಣುಕುತ್ತಾನೆ. "ಸಾವ್ಕಾರ್ರು ಇಲ್ವಾ?"

"ನಾನೇ" ಎನ್ನುತ್ತೇನೆ. ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿಯೇ.