ಕಟ್ಟಿದ ಕಿವಿ, ಕಡೇ ಪಂಕ್ತಿ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ನನ್ನ ದಿಂಬಿನಿಂದ ಹೋಗಿಲ್ಲ. ಶೀತವಾಗಿ ಕಿವಿ ಕಟ್ಟಿತ್ತು. ನಾನು ಸುಮ್ಮನಿರುವವನೇ? ಎಣ್ಣೆ ಬಿಟ್ಟೆ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಆಡಿಸಿದೆ. ಕೊನೆಗೆ ಹಾಸನದ ಕಿವಿ ಡಾಕ್ಟರು ಬಗ್ಗಿ ನೋಡಿ, "ಏನ್ ಸಾರ್, ಗುಗ್ಗೇನ ನೀವೇ ಒಳಕ್ಕೆ ತಳ್ಳಿ ಬಿರಡೆ ಜಡಿದಿದೀರಲ್ಲ" ಎಂದರು.

ಆ ವಾರ ಮನೆಯಲ್ಲಿ ನನಗೆ ಕವಡೆ ಕಿಮ್ಮತ್ತಿರಲಿಲ್ಲ. ಹೆಂಡತಿ ಊಟಕ್ಕೆ ಕರೆದು ಕರೆದು ಸಾಕಾಗಿ, ಎದುರಿಗೇ ಬಂದು ನಿಂತು, "ಎಷ್ಟ್ ಸಲ ಕರೀಬೇಕು? ಏನ್ ಬಿಗುಮಾನ ನಿಮ್ದು" ಎಂದು ಕೂಗಿದಳು. ಬಿಗುಮಾನ ಎಂದಿದ್ದೇ ತಡ, ಹೊಳೆನರಸೀಪುರದ ನನ್ನ ಸೋದರಮಾವ ನೆನಪಾದರು.

ನಮ್ಮ ಕಡೆಯ ರೀತಿ ನಿಮಗೆ ಗೊತ್ತಲ್ಲ. ಸೋದರಮಾವ ಎಷ್ಟೇ ಹಸಿದಿರಲಿ, ಮನೆಯವರು ಬಂದು ಕರೆಯದೆ ಪಂಕ್ತಿಯಲ್ಲಿ ಕೂರುವುದಿಲ್ಲ. ಚನ್ನರಾಯಪಟ್ಟಣದಲ್ಲಿ ನನ್ನ ತಂಗಿಯ ಮದುವೆಯ ಬೀಗರೂಟ. ಕರೆಯುವ ಕೆಲಸ ನನ್ನದು. ಶಾಮಿಯಾನದ ಕಂಬಕ್ಕೆ ಒರಗಿ ಕೂತಿದ್ದ ಮಾವನ ಎಡಕ್ಕೆ ನಿಂತು, "ಎಲೆ ಹಾಕೈತೆ, ಏಳಿ ಮಾವ" ಅಂದೆ. ಅವರು ಅಲುಗಲಿಲ್ಲ. ಅಕ್ಕಿ ಗಿರಣಿಯ ಸದ್ದಿನಲ್ಲೇ ದುಡಿದ ಜೀವ. ಎಡಗಿವಿಗೆ ಎಣ್ಣೆ ಹತ್ತಿ ತುರುಕಿದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಆದರೆ ನನಗೆ ಕಂಡದ್ದು ಧಿಮಾಕು ಮಾತ್ರ. ಇನ್ನೊಂದು ಸಲ ಕರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಕರೆಯಲಿಲ್ಲ.

ಮಾವ ಉಣ್ಣದೆ ಬಸ್ಸು ಹತ್ತಿದರು. "ಅಕ್ಕನ ಮನೇಲಿ ನನ್ನ ಕರ್ಯೋರೇ ಇಲ್ಲ" ಎಂದು ಅವರು ಹೇಳಿಕೊಂಡರಂತೆ. ಕರೆದರೂ ಏಳಲಿಲ್ಲ ಎಂದು ನಾನೂ ಸಾರಿಕೊಂಡು ತಿರುಗಿದೆ. ಹನ್ನೊಂದು ವರ್ಷ ಮಾತಿಲ್ಲ. ನಡುವೆ ನನ್ನ ಅಮ್ಮ ಹೋದಾಗ ಬಂದವರು, ನನ್ನ ಕಡೆ ತಿರುಗಿಯೂ ನೋಡದೆ ಅಕ್ಕನಿಗೆ ಮಣ್ಣು ಹಾಕಿ ಹೋದರು. 

ಡಾಕ್ಟರು ಗುಗ್ಗೆ ತೆಗೆದು ಕಿವಿ ಬಿಟ್ಟ ಮಾರನೆಯ ದಿನವೇ ಹೊಳೆನರಸೀಪುರದ ಬಸ್ಸು ಹತ್ತಿದೆ. "ಅವತ್ತು ಕರೆದಿದ್ದೆ ಮಾವ, ನಿಮಗೇ ಕೇಳಿಸಲಿಲ್ಲ" ಎಂಬ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದೆ. ಅತ್ತೆ ಬಾಗಿಲಲ್ಲೇ, "ಈಗ ಎಲ್ಡು ಕಿವೀನೂ ಓಗವೆ ಕಣಪ್ಪ, ಜೋರಾಗಿ ಕೂಗ್ಬೇಕು" ಅಂದರು.

ಮಾವ ನನ್ನ ಗುರುತು ಹಿಡಿದರು. "ಅವತ್ತು ಒಟ್ಟೆ ಅಸ್ದಿತ್ತು ಕಣ್ಲಾ" ಅಂದರು. "ನೀನು ಕರ್ಯಕ್ಕೆ ಬತ್ತೀಯ ಅಂತ ಕಡೇ ಪಂತಿ ಏಳೋಗಂಟ ಕಾದೆ."

ಉರು ಹೊಡೆದ ಮಾತನ್ನು ಅಲ್ಲೇ ಕೈಬಿಟ್ಟೆ. ಅವರ ಕಿವಿಯ ಹತ್ತಿರ ಬಗ್ಗಿ, "ತಪ್ಪಾಯ್ತು ಮಾವ" ಅಂದೆ.

"ಆಂ?"

ಮತ್ತೊಮ್ಮೆ ಹೇಳಿದೆ, ಬೀದಿಗೆಲ್ಲ ಕೇಳುವ ಹಾಗೆ.