ಜೇಡಕ್ಕೂ ಒಂದು ಊರುಂಟು

“ಇದನ್ನು ಈಗಲೇ ಯಾರಿಗಾದರೂ ಕೊಟ್ಟು ಬಾ” ಎಂದು ಹನೀಫನ ಉಮ್ಮ ಮಗನಿಗೆ ಹೇಳುತ್ತಿದ್ದಾಗಲೇ ನಾನು ಮೆಲ್ಕಾರಿನ ಅವರ ಮನೆಯೊಳಗೆ ಕಾಲಿಟ್ಟದ್ದು. ಟೀಪಾಯಿಯ ಮೇಲಿನ ಗಾಜಿನ ಪೆಟ್ಟಿಗೆಯಲ್ಲಿ ಅಂಗೈ ಅಗಲದ, ಮೈತುಂಬ ರೋಮವಿದ್ದ ಜೇಡವೊಂದು ಕುಳಿತಿತ್ತು. ಗಲ್ಫಿಗೆ ಹೊರಟ ಗೆಳೆಯನೊಬ್ಬ ಹನೀಫನಿಗೆ ಸಾಕಲು ಕೊಟ್ಟದ್ದಂತೆ. ಇವನೋ ಅದರ ಇಂಗ್ಲಿಷ್ ಹೆಸರು ‘ಸಾಲ್ಮನ್ ಪಿಂಕ್ ಬರ್ಡ್ ಈಟರ್’ ಎಂದು ಹೇಳಿ, ಅರ್ಥವನ್ನೂ ಬಿಡಿಸಿ ಹೇಳಿಬಿಟ್ಟಿದ್ದ.

“ಹಕ್ಕಿ ತಿನ್ನುವುದಂತೆ. ಹಿತ್ತಲಲ್ಲಿ ನನ್ನ ಕೋಳಿಮರಿಗಳು ಉಂಟಲ್ಲ?” ಎಂದು ಉಮ್ಮ ನನ್ನಲ್ಲಿ ನ್ಯಾಯ ಕೇಳಿದರು.

“ಅದು ಜನ ಕರೆಯುವ ಹೆಸರು ಉಮ್ಮಾ. ಇದು ತಿನ್ನುವುದು ಜಿರಳೆ” ಎಂದ ಹನೀಫ. “ವಿಜ್ಞಾನದಲ್ಲಿ ಇದು ಲ್ಯಾಸಿಯೋಡೋರ ಪರಹಿಬಾನ. ಮೊದಲಿನದ್ದು ಮನೆತನದ ಹಾಗೆ, ಆಮೇಲಿನದ್ದು ಊರು. ಬ್ರೆಜಿಲಿನಲ್ಲಿ ಪರಾಯಿಬಾ ಅಂತ ಉಂಟು, ಅಲ್ಲಿಯದ್ದು.”

ಊರಿನ ಹೆಸರು ಕೇಳಿದ್ದೇ ಉಮ್ಮ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದರು. ನಮ್ಮ ಕಡೆ ಮದುವೆ ಕಾಗದದಲ್ಲೂ ಹೆಸರಿನ ಜೊತೆ ಊರು ಇರಬೇಕು. ಊರು ಗೊತ್ತಾಗದೆ ಯಾರೊಡನೆಯೂ ಮಾತು ಮುಂದುವರಿಯುವುದಿಲ್ಲ. ಪೊಳಲಿ ಊರಿನವರಾಗಿದ್ದ ಉಮ್ಮನ ಗಂಡನನ್ನು ಜನ ಕೊನೆಯವರೆಗೂ ಕರೆದದ್ದು ‘ಪೊಳಲಿ ಅಬ್ಬಾಸ್’ ಎಂದೇ.

“ಅಷ್ಟು ದೂರದಿಂದ ಬಂದದ್ದನ್ನು ಓಡಿಸುವುದು ಹೇಗೆ? ಇರಲಿ ಮೋನೇ. ಕೋಳಿಗೂಡಿನ ಹತ್ತಿರ ಮಾತ್ರ ತರಬೇಡ” ಎಂದರು.

ವಿಜ್ಞಾನದ ಹೆಸರು ಕಂಡರೆ ನಾನೀಗ ಮೊದಲು ಅದರಲ್ಲಿ ಊರು ಹುಡುಕುತ್ತೇನೆ. ಮೊನ್ನೆ ಹೋದಾಗ ಉಮ್ಮ ನನಗೆ ಚಹಾ ಕೊಡುವ ಮೊದಲೇ ಮಗನನ್ನು ಕೇಳಿದರು: “ಪರಾಯಿಬಾದವರ ಊಟ ಆಯಿತಾ?”