ಒಂಬತ್ತೂವರೆ ಫೂಟಿನ ಆರ್‌ವಿ ಸಾಹೇಬರು

ಆಟೋ ನಗರದ ಗಾಡಿ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ಶುಭಂನ ಪಾಲಿಗೆ ಆರ್‌ವಿ ಎಂದರೆ ಯಾರೋ ಒಬ್ಬ ಮನುಷ್ಯ. ತಪ್ಪು ಪೂರ್ತಿ ಅವನದಲ್ಲ. ಬೆಳಗಾವಿಯಲ್ಲಿ ಮರ್ಯಾದಸ್ಥರಿಗೆಲ್ಲ ಎರಡಕ್ಷರದ ಹೆಸರೇ: ಎಸ್‌ಬಿ ಸಾಹೇಬರು, ಎಂಕೆ ಮಾಸ್ತರರು. ಹಾಗಾಗಿ ಮಾಲಕ ಪಾರೀಸ ಅಣ್ಣ, "ಗೌರವ್ವಾರು ಬರ್ತಾರ, ಆರ್‌ವಿಗೆ ಒಂದು ಜಿಪಿಎಸ್ ಬೇಕಂತ, ಛಲೋದು ನೋಡಿ ಕೊಡು" ಎಂದು ಹೇಳಿ ಊಟಕ್ಕೆ ಹೋದಾಗ, ಶುಭಂ ಇದ್ದೊಂದು ಕುರ್ಚಿ ಒರೆಸಿ ಆರ್‌ವಿ ಸಾಹೇಬರಿಗಾಗಿ ಕಾದು ಕುಳಿತ.

ಒಳಗೆ ಬಂದವರು ಐವತ್ತೈದರ ಆಸುಪಾಸಿನ ಹೆಂಗಸು. ನೆಲ ಯಾವಾಗ ಅಲುಗಾಡುವುದೋ ಎಂಬಂತೆ ಕಾಲಗಲಿಸಿ ನಿಂತರು.

"ಆರ್‌ವಿ ಸಾಹೇಬ್ರು ಬರಲಿಲ್ಲೇನ್ರಿ ಕಾಕೂ?"

"ಹೊರಗ ನಿಂತೈತಲ್ಲೋ ತಮ್ಮಾ."

ಗಂಡನಿಗೆ 'ಐತಿ' ಅನ್ನುತ್ತಾರೆಂದರೆ ಮನೆಯಲ್ಲಿ ಏನೋ ಜಗಳವಾಗಿರಬೇಕು ಎಂದುಕೊಂಡ ಶುಭಂ. "ಬಿಸಲಾಗ ಯಾಕ ನಿಲ್ಲಸೀರಿ? ಒಳಗ ಕರೀರಿ, ಕುಂದರ್ಲಿ."

"ಒಂಬತ್ತೂವರೆ ಫೂಟ್ ಐತಿ. ನಿಮ್ಮ ಬಾಗಲದಾಗ ಹಿಡಸಂಗಿಲ್ಲ."

ಶುಭಂ ಹೊರಗೆ ಇಣುಕಿದ. ಬೇವಿನ ಗಿಡದ ಕೆಳಗೆ ಬಿಳಿ ಬಣ್ಣ ಹೊಡೆದ ಹಳೆಯ ಟೆಂಪೊ ನಿಂತಿತ್ತು. ಒಳಗೆ ಎರಡು ಹಾಸಿಗೆ, ಗ್ಯಾಸ್ ಒಲೆ, ನೀರಿನ ಟಾಕಿ. ಬಾಜೂ ಗ್ಯಾರೇಜಿನವರು ಕಟ್ಟಿಕೊಟ್ಟ ಮನೆಗಾಡಿ. ಅದಕ್ಕೇ ಆರ್‌ವಿ ಅನ್ನುವುದಂತೆ. ಅದರ ಕಿಟಕಿಗೆ ಒರಗಿ ಕುಳಿತಿದ್ದ ತೆಳ್ಳನೆಯ ಮನುಷ್ಯ ಗೌರವ್ವನವರ ಗಂಡ ಸಿದ್ದಪ್ಪ. ಸಂಜೆಯೊಳಗೆ ಆಟೋ ನಗರದ ಅಷ್ಟೂ ಚಹಾದಂಗಡಿಗಳಲ್ಲಿ ಶುಭಂನ ಹೆಸರು ಆರ್‌ವಿ ಸಾಹೇಬ ಎಂದಾಗಿತ್ತು.

ಗೌರವ್ವನವರು ಇಪ್ಪತ್ತೆರಡು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಡ್ಯೂಟಿ ಎಲ್ಲ ಬೈಲಹೊಂಗಲ, ಸವದತ್ತಿಯ ಕಡೆ. ಸಿದ್ದಪ್ಪನವರು ಮೂವತ್ತೊಂದು ವರ್ಷ ಡ್ರೈವರ್, ಖಾನಾಪುರ, ಕಣಕುಂಬಿಯ ಕಡೆ. ಒಂದೇ ಮನೆಯಲ್ಲಿದ್ದರೂ ಗಂಡಹೆಂಡತಿ ಮುಖ ನೋಡಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಬಸ್‌ಸ್ಟ್ಯಾಂಡಿನಲ್ಲೇ. ಸಿದ್ದಪ್ಪನವರು ನಿವೃತ್ತರಾದ ವರ್ಷವೇ ಅವರ ದೃಷ್ಟಿಯ ಅಂಚುಗಳು ಕಪ್ಪಾಗತೊಡಗಿದವು. ಈಗ ಅವರ ನೋಟ ಕೊಳವೆಯೊಳಗಿಂದ ನೋಡಿದ ಹಾಗೆ. ಆ ಕೊಳವೆಯೂ ವರ್ಷದೊಳಗೆ ಮುಚ್ಚಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿ ಬಂದ ವಾರವೇ ಗೌರವ್ವನವರು ನೌಕರಿ ಬಿಡುವ ಅರ್ಜಿ ಬರೆದರು. ಗಾಡಿ ಓಡಿಸಲು ಕಲಿತರು, ಈ ಮನೆಗಾಡಿ ಕಟ್ಟಿಸಿದರು. ಕಾರವಾರಕ್ಕೆ ಇಳಿದು ಸಮುದ್ರದ ಗುಂಟ ಕನ್ಯಾಕುಮಾರಿಯ ತನಕ ಗಂಡನನ್ನು ಕರೆದೊಯ್ಯುವ ವಿಚಾರ.

ಸಿದ್ದಪ್ಪನವರು ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಗೊತ್ತಿಲ್ಲದ ಹಾದಿಯಾಗ ಒಮ್ಮೆ ಓಡಿಸಿ ತೋರ್ಸು. ಒಂದ ತಿರುವು ತಪ್ಪಿದರ ಗಾಡಿ ಮಾರೂಣು. ಪರಊರಾಗ ದಿಕ್ಕೆಟ್ಟು ನಿಲ್ಲೂದು ನನಗ ಆಗಂಗಿಲ್ಲ." ಪರೀಕ್ಷೆಯ ಹಾದಿಯನ್ನೂ ಅವರೇ ಗೊತ್ತು ಮಾಡಿದ್ದರು: ಕಣಕುಂಬಿ. ಅದೂ ಬೆಳಗಾವಿಯಿಂದ ನೆಟ್ಟಗೆ ಜಾಂಬೋಟಿಗೆ ಹೋಗುವ ಹಾದಿಯಲ್ಲ. ತಿರುವು ಹೆಚ್ಚಿರಲಿ ಎಂದು ಖಾನಾಪುರ ಸುತ್ತಿಕೊಂಡು ಜಾಂಬೋಟಿಗೆ.

ಅಂದರೆ ಎಲ್ಲ ಭಾರ ಬಂದು ನಿಂತದ್ದು ಶುಭಂ ಆರಿಸಿಕೊಡುವ ಯಂತ್ರದ ಮೇಲೆ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲವಾದ್ದರಿಂದ ಮೊಬೈಲನ್ನು ನಂಬುವಂತಿರಲಿಲ್ಲ. ಅಂಗಡಿಯಲ್ಲಿದ್ದದ್ದು ಎರಡು ಯಂತ್ರ. ಎರಡಕ್ಕೂ ಗಾಡಿಯ ಎತ್ತರ, ತೂಕ ಹೇಳಿಕೊಟ್ಟರೆ ತಗ್ಗು ಸೇತುವೆಯ ಹಾದಿ ಬಿಟ್ಟು ಬೇರೆ ಹಾದಿ ತೋರಿಸುತ್ತಿದ್ದವು. ಒಂದು ಅಂಗೈಯಷ್ಟು ಅಗಲ, ಕನ್ನಡ ಮಾತಾಡುವಂಥದು; ಯಾರೂ ಕೊಳ್ಳದೆ ಧೂಳು ತಿನ್ನುತ್ತಿತ್ತು. ಇನ್ನೊಂದು ತಾಟಿನಷ್ಟು ದೊಡ್ಡದು, ಬರೀ ಇಂಗ್ಲಿಷ್. ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ಖರೇ ಎಂದು ನಂಬುವ ಶುಭಂ ದೊಡ್ಡದನ್ನೇ ಎತ್ತಿಕೊಂಡ.

"ಕನ್ನಡ ಬರಂಗಿಲ್ಲೇನು ಇದಕ್ಕ?" ಎಂದರು ಗೌರವ್ವ.

"ಲೆಫ್ಟ್, ರೈಟ್, ಇಷ್ಟ ರೀ ಕಾಕೂ. ಇಷ್ಟು ಯಾರಿಗೆ ತಿಳಿಯಂಗಿಲ್ಲ?"

ಊಟ ಮುಗಿಸಿ ಬಂದ ಪಾರೀಸ ಅಣ್ಣ ಅಷ್ಟನ್ನೇ ಕೇಳಿಸಿಕೊಂಡು, "ಹಂಗಿದ್ರ ರವಿವಾರ ನೀನೂ ಅವರ ಜೋಡೀ ಹೋಗು. ಮಷಿನ್ ತಪ್ಪಿದರ ಅಲ್ಲೇ ಇಳಕೊಂಡು ನಡಕೋತ ಬಾ" ಎಂದ.

ಶನಿವಾರ ಶುಭಂಗೆ ಊಟ ಸೇರಲಿಲ್ಲ. ಭಾನುವಾರ ಬೆಳಿಗ್ಗೆ, ಯಾಕೆಂದು ತನಗೇ ತಿಳಿಯದೆ, ಆ ಚಿಕ್ಕ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡ.

ಗೌರವ್ವ ಸ್ಟೇರಿಂಗ್ ಹಿಡಿದು ಹಿಂದಕ್ಕೆ ತಿರುಗಿ ನೋಡಿ ತಲೆ ಎಣಿಸಿದರು. "ಮೂರು." ಆಮೇಲೆ ತಮಗೆ ತಾವೇ "ರೈಟ್" ಅಂದುಕೊಂಡರು, ಗಾಡಿ ಹೊರಟಿತು. ಇದನ್ನು ಶುಭಂ ಆಗಲೇ ಗಮನಿಸಬೇಕಿತ್ತು. ಅವನ ಗಮನವೆಲ್ಲ ಹೊಸ ಪರದೆ ಎಷ್ಟು ಚೆಂದ ಹೊಳೆಯುತ್ತಿದೆ ಎಂಬುದರ ಮೇಲಿತ್ತು.

ಕೋಟೆ ದಾಟಿ ಊರ ಹೊರಗೆ ಬರುವ ತನಕ ಗೌರವ್ವನವರಿಗೆ ಗೊತ್ತಿದ್ದ ಹಾದಿಯೇ. ಪರೀಕ್ಷೆ ಶುರುವಾದದ್ದು ಅಲ್ಲಿಂದಾಚೆ. ಸಿದ್ದಪ್ಪನವರು ಹಿಂದಿನ ಸೀಟಿನಲ್ಲಿ ತುಟಿ ಬಿಗಿದು ಕುಳಿತಿದ್ದರು. ಅವರ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಆಗಾಗ ಒತ್ತುತ್ತಿತ್ತು.

ಖಾನಾಪುರ ಬಂತು. ಜಾಂಬೋಟಿಯ ಕಡೆಗೆ ಹೊರಳುವ ತಿರುವು ಪರದೆಯ ಮೇಲೆ ಮೂಡಿತು. ಯಂತ್ರ ಮೆಲ್ಲನೆ, "ಟರ್ನ್ ರೈಟ್" ಅಂದಿತು.

ಗೌರವ್ವ ಗೇರ್ ಬದಲಿಸಿ ನೆಟ್ಟಗೆ ಹೊರಟರು.

ತಿರುವು ಬಾಜೂಕ್ಕೆ ಸರಿದು ಹಿಂದೆ ಹೋದದ್ದನ್ನು ಶುಭಂ ಕಣ್ಣಾರೆ ಕಂಡ. ಪಿಸುಗುಟ್ಟಿದ: "ಕಾಕೂ, ರೈಟ್ ಅಂತು."

"ಅಂತಲ್ಲ. ಹೊಂಟೇನಲ್ಲ."

ಯಂತ್ರ ಹೊಸ ಹಾದಿ ಹುಡುಕಿ ಮತ್ತೆ "ರೈಟ್" ಅಂದಿತು. ಗೌರವ್ವ ಇನ್ನಷ್ಟು ಜೋರು ಬಿಟ್ಟರು. ಅದು ಅಂದಷ್ಟೂ ಇವರು ಓಡಿಸುತ್ತಿದ್ದರು. ಹಿಂದಿನಿಂದ ಸಿದ್ದಪ್ಪನವರ ದನಿ ಬಂತು: "ಗೌರೀ, ಇಷ್ಟೊತ್ತಿಗೆ ಗಾಡಿ ಹೊರಳಬೇಕಿತ್ತು."

"ಹೋಲ್ಡಾನ್" ಎಂದು ತಮಗೆ ತಾವೇ ಹೇಳಿಕೊಂಡು ಗೌರವ್ವ ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿದರು. ಗಾಡಿ ಮಾರಿಹೋಯಿತು, ಸಮುದ್ರ ಹೋಯಿತು, ಹೋಗಿದ್ದು ತನ್ನ ಇಂಗ್ಲಿಷಿನ ಹುಚ್ಚಿನಿಂದ ಎಂದು ಶುಭಂಗೆ ಅನಿಸಿತು.

"ತಪ್ಪು ನಂದು ರೀ ಕಾಕಾ" ಎಂದ.

"ನಿಂದು ಆಮ್ಯಾಲೆ ನೋಡೂಣು. ಆ ಮಷಿನ್ ಏನಂತು?"

"ರೈಟ್ ಅಂತು ರೀ."

"ಕಂಡಕ್ಟರ್ ರೈಟ್ ಅಂದ್ರ ಬಸ್ ಬಿಡಬೇಕು" ಎಂದರು ಸಿದ್ದಪ್ಪನವರು. "ಮೂವತ್ತೊಂದು ವರ್ಷ ನಾನೂ ಹಂಗ ಬಿಟ್ಟೇನಿ. ಇಪ್ಪತ್ತೆರಡು ವರ್ಷ ಅಂದಾಕಿ ಇಕಿ. ಬಲಕ್ಕ ಹೊರಳು ಅಂತ ಯಾವ ಕಂಡಕ್ಟರ್ ಹೇಳ್ಯಾನ?"

"ಮತ್ತ ಗಾಡಿ?" ಗೌರವ್ವ ಹಿಂದಕ್ಕೆ ತಿರುಗದೆ ಕೇಳಿದರು.

"ಈ ತಿರುವು ಲೆಕ್ಕಕ್ಕ ಹಿಡಿಯಂಗಿಲ್ಲ. ಆ ಇಂಗ್ಲಿಷ್ ಬಾಯೀನ ಮೊದಲ ಕೆಳಗ ಇಳಸ್ರಿ."

ಶುಭಂ ಚೀಲದಿಂದ ಚಿಕ್ಕ ಯಂತ್ರ ತೆಗೆದು, ಅಂಗಿಯಿಂದಲೇ ಧೂಳು ಒರೆಸಿ ಜೋಡಿಸಿದ. ಅದು ಗಂಟಲು ಸರಿಮಾಡಿಕೊಂಡಂತೆ ಗೊರಗೊರ ಅಂದು, "ಸಾಧ್ಯವಾದಾಗ ಹಿಂದಿರುಗಿ" ಎಂದಿತು.

"ಸಾಲಿ ಅಕ್ಕೋರಂಗ ಮಾತಾಡ್ತಾಳಲ್ಲೋ ಇಕಿ" ಎಂದರು ಗೌರವ್ವ.

ಗಾಡಿ ಹಿಂದಿರುಗಿಸಿದರು. ಈಗ ಆ ತಿರುವು ಎಡಕ್ಕೆ ಬೀಳುತ್ತಿತ್ತು. ಸಿದ್ದಪ್ಪನವರು ಅದಕ್ಕೆ ಬಿಡಲಿಲ್ಲ. "ಹಂಗ ಮುಂದ ಹೋಗಿ ಬೆಳಗಾವಿ ಕಡಿಂದ ಮತ್ತ ಬಾ. ಬಲಕ್ಕ ಅಂದ್ರ ಏನ ಮಾಡ್ತಿ ನೋಡೂಣು." ಗೌರವ್ವ ತುಟಿ ಕಚ್ಚಿಕೊಂಡು ಅರ್ಧ ಮೈಲಿ ಮುಂದೆ ಹೋಗಿ, ಹೊರಳಿಸಿಕೊಂಡು ಬಂದರು.

"ಬಲಕ್ಕೆ ತಿರುಗಿ."

ಗಾಡಿ ಬಲಕ್ಕೆ ತಿರುಗಿತು. ಹಿಂದಿನ ಸೀಟಿನಲ್ಲಿ ಸಿದ್ದಪ್ಪನವರು ಬ್ರೇಕ್ ಒತ್ತುತ್ತಿದ್ದ ಕಾಲನ್ನು ಮಡಚಿ ಮೇಲಿಟ್ಟುಕೊಂಡರು.

ಜಾಂಬೋಟಿ ದಾಟಿತು, ಕಾಡು ಬಂತು. ಮೊಬೈಲಿನ ಸಿಗ್ನಲ್ ಸತ್ತಿತು. ಯಂತ್ರದೊಳಗಿನ ಅಕ್ಕೋರು ಮಾತ್ರ ಪಾಠ ಬಿಡಲಿಲ್ಲ. ಒಂದೆರಡು ಕಡೆ ಕೊಂಬೆಗಳು ಗಾಡಿಯ ನೆತ್ತಿಯನ್ನು ತರಚಿದಾಗ ಮೂವರೂ ತಲೆ ಬಗ್ಗಿಸಿದರು. ಕಣಕುಂಬಿಯಲ್ಲಿ ಗಾಡಿ ನಿಂತಾಗ ಸಿದ್ದಪ್ಪನವರು ಕಿಟಕಿಯಲ್ಲಿ ಮುಖವಿಟ್ಟು, ಕೊಳವೆಯನ್ನು ಸರಿಸುವಂತೆ ತಲೆಯನ್ನು ಎದುರಿನ ಮರವೊಂದರ ಬೇರಿನಿಂದ ತುದಿಯ ತನಕ ಮೆಲ್ಲಗೆ ಎತ್ತಿದರು.

"ಇಲ್ಲಿ ಇಷ್ಟು ಎತ್ತರದ ಗಿಡ ಅದಾವಂತ ನನಗ ಗೊತ್ತ ಇರಲಿಲ್ಲ" ಎಂದರು.

ಗೌರವ್ವ ಒಲೆ ಹಚ್ಚಿ ಚಹಾಕ್ಕಿಟ್ಟರು. ಶುಭಂಗೆ ಬೆಳಗಿನಿಂದ ನಾಲಿಗೆಯ ಮೇಲೆ ಒಂದು ಪ್ರಶ್ನೆ ಕುಳಿತಿತ್ತು. ಯಂತ್ರ ಮಾರಿ ಹೊಟ್ಟೆ ಹೊರೆಯುವವನು ಕೇಳಬಾರದ ಪ್ರಶ್ನೆ. ಅದೂ ಸಿದ್ದಪ್ಪನವರಿಗೆ ಕೇಳಿಸುವಷ್ಟು ಹತ್ತಿರ ನಿಂತು. ಆದರೂ ಕೇಳಿಬಿಟ್ಟ.

"ಕಾಕೂ, ಸಿಟ್ಟ ಮಾಡ್ಕೋಬ್ಯಾಡ್ರಿ. ಕಾಕಾಗ ನೆಟ್ಟಗ ಮುಂದಿಂದು ಇನ್ನೂ ಕಾಣತೈತಲ್ರಿ. ಬಾಜೂಕ ಕುಂದರಿಸಿಕೊಂಡ್ರ ಹಾದಿ ಅವರ ನೋಡಿ ಹೇಳ್ತಿದ್ರು. ನಿಮಗ ಮಷಿನ್ ಯಾಕ ಬೇಕಾಗಿತ್ತು?"

ಗೌರವ್ವ ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ.

"ಮೂವತ್ತೊಂದು ವರ್ಷ ಬರೇ ಹಾದೀನ ನೋಡ್ಯಾರ. ಉಳದ ಕಣ್ಣಾಗೂ ಅದನ್ನ ನೋಡಬೇಕೇನು?"